ಕಲ್ಲಚ್ಚಿನಲ್ಲಿ ಫಾಂಟ್ ಹುಡುಕಬೇಡಿ: ಅಕ್ಷರ ವಿನ್ಯಾಸದ ಪ್ರಶ್ನೋತ್ತರ

ಪ್ರಶ್ನೆ: ಕನ್ನಡ ಮುದ್ರಣದ ಇತಿಹಾಸದ ಬಗ್ಗೆ ಕಾಲೇಜಿಗೆ ಎ2 ಪೋಸ್ಟರ್ ಮಾಡಬೇಕು. ‘ಮಂಗಳೂರ ಸಮಾಚಾರ’ದ ಅಕ್ಷರಕ್ಕೆ ಹತ್ತಿರದ ಫಾಂಟ್ ಯಾವುದು? ಸಾಲುಗಳ ಅಂತರ, ಬಣ್ಣ ಹೇಗಿರಲಿ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಆ ಪತ್ರಿಕೆಗೆ ಫಾಂಟೇ ಇರಲಿಲ್ಲ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಮೊದಲ ಸಂಚಿಕೆ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ (ಲಿಥೊಗ್ರಫಿ) ಕೈಬರಹವೇ ಅಚ್ಚಾಗುತ್ತದೆ, ಒಂದು ‘ಕ’ದಂತೆ ಇನ್ನೊಂದು ‘ಕ’ ಇರುವುದಿಲ್ಲ. ಫಾಂಟ್ ಹಾಕಿದರೆ ಆ ಗುಣವೇ ಹೋಯಿತು. ಶೀರ್ಷಿಕೆಯನ್ನು ಕೈಯಲ್ಲೇ ಬರೆದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ; ಎರಡು ಪಟ್ಟು ಹಿಗ್ಗಿಸಿದರೂ ಅಂಚು ಕೆಡದು.

ಅಚ್ಚುಮೊಳೆಯ (ಲೋಹದಲ್ಲಿ ಎರಕ ಹೊಯ್ದ ಬಿಡಿ ಅಕ್ಷರ) ಅಕ್ಷರರೂಪ ಬೇಕಿದ್ದರೆ ಕಿಟ್ಟೆಲ್ ನಿಘಂಟು (1894) ನೋಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ, ಆದರೆ ಪಿಡಿಎಫ್ ಬೇಡ. ಅದರಲ್ಲಿ ಚಿತ್ರವನ್ನು ಕುಗ್ಗಿಸಿರುವುದರಿಂದ ಅಂಚು ಒರಟಾಗಿರುತ್ತದೆ, ಅದರ ಮೇಲೆ ಗೆರೆ ಎಳೆದು ಟ್ರೇಸ್ ಮಾಡಿದರೆ ಇಲ್ಲದ ಗಂಟುಗಳು ಅಕ್ಷರಕ್ಕೆ ಸೇರುತ್ತವೆ. ಬಿಡಿ ಪುಟಗಳ ಜೆಪಿ2 (ಜೆಪೆಗ್ 2000) ಚಿತ್ರ ಕಡತ ಇಳಿಸಿಕೊಳ್ಳಿ. ಮೊಳೆ ಒತ್ತಿದಾಗ ಶಾಯಿ ಹರಡುತ್ತದೆ. ಆದ್ದರಿಂದ ಒಂದೇ ಅಕ್ಷರವನ್ನು ಐದಾರು ಕಡೆಯಿಂದ ತೆಗೆದು ಒಂದರ ಮೇಲೊಂದಿಟ್ಟು, ಎಲ್ಲದರಲ್ಲೂ ಕಾಣುವ ಗೆರೆಯನ್ನಷ್ಟೇ ನಂಬಿ.

ವಿವರಣೆಯ ಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ ಸಾಕು. 20 ಪಾಯಿಂಟ್ ಗಾತ್ರದ ಅಕ್ಷರಕ್ಕೆ 32 ಪಾಯಿಂಟ್ ಸಾಲಂತರ ಕೊಡಿ. ‘ರಾಷ್ಟ್ರ’, ‘ಶಾಸ್ತ್ರ’ಗಳ ಜೋಡಿ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆಯೇ ಎಂದು ಈ ಪದಗಳ ಕೆಳಗೆ ‘ಕಿವಿ’ಯಂಥ ಗುಡಿಸಿನ ಪದ ಬರೆದು ನೋಡಿ. ಅಕ್ಷರಗಳ ನಡುವಿನ ಅಂತರ ಸೊನ್ನೆಯೇ ಇರಲಿ, ಹೆಚ್ಚಿಸಿದರೆ ‘ಕೀ’ಯ ದೀರ್ಘ ದೂರ ಸರಿಯುತ್ತದೆ. ನಮ್ಮ ಪದಗಳು ಉದ್ದ. ಕಿರಿದಾದ ಅಂಕಣದಲ್ಲಿ ಎರಡೂ ಬದಿ ಸಮ ಮಾಡಿದರೆ ನಡುವೆ ಬಿಳಿ ಕಂಡಿಗಳು ಬೀಳುತ್ತವೆ. ಎಡಕ್ಕೆ ಮಾತ್ರ ಹೊಂದಿಸಿ.

ಹಳತು ಕಾಣಲೆಂದು ಪಠ್ಯಕ್ಕೆ ಕಂದು ಬಣ್ಣ ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಆಫ್‌ಸೆಟ್‌ನಲ್ಲಿ ಕಂದು ಬರುವುದು ಹಲವು ಶಾಯಿಗಳ ಮಿಶ್ರಣದಿಂದ. ಪ್ರತಿ ಶಾಯಿಗೂ ಬೇರೆ ಪ್ಲೇಟ್; ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರ ಮಸುಕು. ಪಠ್ಯಕ್ಕೆ ಬರೀ ಕಪ್ಪು ಶಾಯಿ, ಶೇ 100. ಹಳೆಯ ಛಾಯೆ ಬೇಕಿದ್ದರೆ ಕೆನೆಬಣ್ಣದ, ಹೊಳಪಿಲ್ಲದ ಕಾಗದ ಆರಿಸಿ. ಕಪ್ಪಿನ ಮೇಲೆ ಬಿಳಿ ಅಕ್ಷರ ಹಾಕುವುದಾದರೆ ಎಚ್ಚರ: ಶಾಯಿ ಹರಡಿ ಬಿಳಿ ಗೆರೆ ಸಣಕಲಾಗುತ್ತದೆ, ಮಹಾಪ್ರಾಣದ ಸೀಳು ಅಳಿಸಿ ‘ಧನ’ ‘ದನ’ವಾದೀತು. ಒಂದು ತೂಕ ದಪ್ಪ ಅಕ್ಷರ ಬಳಸಿ.

ಪ್ರಶ್ನೆ: ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆಯುತ್ತದೆ. ಕೆಲವು ಕಡತಗಳಲ್ಲಂತೂ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೇ ಬರುತ್ತವೆ.
– ಓದುಗರು, ಹುಬ್ಬಳ್ಳಿ

ಉತ್ತರ: ಇವು ಎರಡು ಬೇರೆ ತೊಂದರೆಗಳು. ಒತ್ತು ಒಡೆದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಇಂಗ್ಲಿಷ್ ಅಕ್ಷರ ಬಂದರೆ ಅದು ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ ಪಠ್ಯ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡವನ್ನು ಕೂರಿಸಿದ್ದು), ಯೂನಿಕೋಡ್‌ಗೆ ಪರಿವರ್ತಿಸಿ ತನ್ನಿ. ಪರಿವರ್ತನೆಯ ಬಳಿಕ ಅರ್ಕಾವೊತ್ತಿನ ಪದಗಳನ್ನೂ (‘ಸೂರ್ಯ’, ‘ಕಾರ್ಯ’) ‘ರ‍್ಯಾಂಕ್’ನಂಥವನ್ನೂ ಒಂದೊಂದಾಗಿ ಓದಿ. ಹೆಚ್ಚು ಕೆಡುವುದು ಅಲ್ಲೇ.