ಬೀದಿ ಡ್ರಮ್ಮಿನ ಗೊಬ್ಬರ ನಾರುತ್ತಿದೆ ಅಂದ ಮೇಡಂಗೆ

ಮೇಡಂ, ದಯವಿಟ್ಟು ಇನ್ನೊಂದು ಬಾಟಲಿ ಕಲ್ಚರ್ (ಕಸ ಕೊಳೆಸುವ ಸೂಕ್ಷ್ಮಜೀವಿಗಳ ದ್ರಾವಣ) ಸುರಿಯಬೇಡಿ. 14 ಮನೆಯ ಹಸಿ ಕಸ ಗೊಬ್ಬರವಾಗಬೇಕಾದ 2 ಡ್ರಮ್, ಅಡಿಯಲ್ಲಿ ಕಪ್ಪು ನೀರು, ಎದುರು ಮನೆಯವರ ಜಗಳ ಅಂತ ಬರೆದಿದ್ದೀರಿ. ಓದುತ್ತಿದ್ದರೆ ನಮ್ಮ ಬೀದಿಯೇ ಕಣ್ಣಮುಂದೆ ಬಂತು. ವಾಸನೆ ಬಂದಾಗೆಲ್ಲ ನಾನೂ ಕಲ್ಚರ್, ಬೆಲ್ಲದ ನೀರು, ಹುಳಿ ಮಜ್ಜಿಗೆ ಅಂತ ಹಾಕುತ್ತಲೇ ಹೋದೆ. ಮೂರೇ ವಾರಕ್ಕೆ ಒಳಗಿದ್ದದ್ದೆಲ್ಲ ಕೊಚ್ಚೆ. ಗುಂಡಿ ತೋಡಿ ಹೂಳಬೇಕಾಯಿತು. ಅವತ್ತು ಬಿಟ್ಟುಹೋದ ನಾಲ್ಕು ಮನೆಯವರು ಮತ್ತೆ ಸೇರಲೇ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ನಿಮಗೆ ಕಮ್ಮಿ ಬಿದ್ದಿರುವುದು ಒಣ ಎಲೆ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಎಲೆ. ಪುಡಿ ಮಾಡಿದ್ದಾದರೆ ಒಂದೇ ಸಾಕು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನೆನೆಸಿ ಹಾಕುತ್ತೇವೆ ಅಂದಿದ್ದೀರಿ. ಅದು ಕುಂಡಕ್ಕೆ ಸರಿ. ಇಲ್ಲಿ ನೀರು ಹೀರಬೇಕಾದ್ದನ್ನೇ ನೆನೆಸಿದರೆ ಹೇಗೆ? ಒಣಗಿದ್ದನ್ನೇ ಉದುರಿಸಿ.

ಈಗ 15 ದಿನ ಹೊಸ ಕಸ ನಿಲ್ಲಿಸಿ, ಪಾಲಿಕೆ ಗಾಡಿಗೆ ಕೊಡಿ. ಡ್ರಮ್ ಖಾಲಿ ಮಾಡಿ, ನೀರು ಬಸಿದು, ಎಲೆ ಕಲಸಿ ವಾಪಸ್ ತುಂಬಿ. ತಳಕ್ಕೆ ಒಂದು ಗೇಣು ಕಡ್ಡಿ, ತೆಂಗಿನ ಸಿಪ್ಪೆ ಇರಲಿ. ಡ್ರಮ್ಮಿನ ಸುತ್ತ, ತಳದಲ್ಲಿ ತೂತು ಬೇಕು. ಇಟ್ಟಿಗೆ ಮೇಲೆ ಕೂರಿಸಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ. ಜಾಸ್ತಿ ಬಂದರೆ ಮತ್ತೆ ಎಲೆ. ಮಳೆಗಾಲದಲ್ಲಿ ಎಲೆ ಸಿಗದಿದ್ದರೆ ಮರದ ಹೊಟ್ಟು ತನ್ನಿ, ಆದರೆ ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟು ಇರುತ್ತದೆ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬಂದವರೆಲ್ಲ ಸುರಿದು ಹೋದರೆ ಎಲೆ ಮುಚ್ಚುವವರು ಯಾರು? ವಾರಕ್ಕೊಂದು ಮನೆಗೆ ಪಾಳಿ ಹಾಕಿ. ಒಂದು ಮನೆಗೆ 14 ವಾರಕ್ಕೊಮ್ಮೆ ಬರುತ್ತದೆ, ಅದೇನು ದೊಡ್ಡ ಕೆಲಸ ಅಲ್ಲ ಅಲ್ವಾ? ಬೆಳಿಗ್ಗೆ ಒಂದೇ ಹೊತ್ತು ಮುಚ್ಚಳ ತೆಗೆಯಿರಿ.

ದಪ್ಪ ಹುಳ ಕಂಡರೆ ಫಿನಾಯಿಲ್ ಹಾಕಬೇಡಿ. ಅದು ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಕಸ ತಿನ್ನುತ್ತದೆ, ಕಚ್ಚುವುದಿಲ್ಲ. ತೇವ ಇಳಿದರೆ ತಾನೇ ಕಮ್ಮಿಯಾಗುತ್ತದೆ. ಡೈಲಿ ಡಂಪ್ ಕಂಪನಿಯ ಮಣ್ಣಿನ ಖಂಬ (ಒಂದರ ಮೇಲೊಂದು ಜೋಡಿಸಿದ ಗೊಬ್ಬರದ ಮಡಕೆಗಳು) ತಗೊಳ್ಳೋಣವಾ ಅಂತ ಕೇಳಿದ್ದೀರಿ. ಒಂದು ಮನೆಗೆ ನನಗೆ ಅದೇ ಇಷ್ಟ, ನಮ್ಮನೆಯಲ್ಲೂ ಇದೆ. 14 ಮನೆಗೆ ಒಂದು ಸಾಲದು. ಅನುಮಾನ ಪಡುವವರನ್ನು ಒಮ್ಮೆ ಗೊಬ್ಬರ ಮಾಡುವುದನ್ನು ತೋರಿಸಿಕೊಡುವ, ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಗ್ರಹ ಕಲಿಕಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಫೆಬ್ರವರಿ, ಮಾರ್ಚಿನಲ್ಲಿ ಹೊಂಗೆ ಎಲೆ ಉದುರುವಾಗ ಗೋಣಿಚೀಲದಲ್ಲಿ ತುಂಬಿಡಿ. ಗುಡಿಸುವ ಅಕ್ಕಂದಿರಿಗೆ ಮೊದಲೇ ಹೇಳಿದರೆ ಪ್ಲಾಸ್ಟಿಕ್ ಸೇರದಂತೆ ಬೇರೆ ರಾಶಿ ಹಾಕಿಕೊಡುತ್ತಾರೆ. ನಮ್ಮ ಬೀದಿಯಲ್ಲಿ ಹಾಗೇ ಆಗುತ್ತಿದೆ. ಮಾವಿನೆಲೆ ಬೇಗ ಕೊಳೆಯುವುದಿಲ್ಲ, ಅದನ್ನು ಬೇರೆ ಚೀಲಕ್ಕೆ ಹಾಕಿ. ಜೂನ್ ಮಳೆಗೆ ಮುಂಚೆ ಚೀಲಗಳನ್ನು ಇಟ್ಟಿಗೆ ಮೇಲಿಟ್ಟು ಟಾರ್ಪಾಲ್ ಹೊದಿಸಿ.