ತಣ್ಣನೆಯ ದೂಳು ಬೆಳಗುವುದು ಹೇಗೆ?

ಪ್ರಶ್ನೆ: ಆಂಡ್ರೊಮಿಡಾ ಗೆಲಾಕ್ಸಿಯ ಅವಕೆಂಪು (ಇನ್‌ಫ್ರಾರೆಡ್) ಚಿತ್ರಗಳಲ್ಲಿ ದೂಳಿನ ಉಂಗುರ ಪ್ರಖರವಾಗಿ ಕಾಣುತ್ತದೆ. ಕೊರೆಯುವ ಚಳಿಯಲ್ಲಿರುವ ದೂಳಿಗೆ ಬೆಳಗುವ ಶಕ್ತಿ ಎಲ್ಲಿಂದ ಬರುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ಶಕ್ತಿ ನಕ್ಷತ್ರಗಳದು. ಆಂಡ್ರೊಮಿಡಾದಂಥ ಸುರುಳಿ ಗೆಲಾಕ್ಸಿಗಳ ಅನಿಲದಲ್ಲಿ ಸಿಲಿಕೇಟ್ ಮತ್ತು ಇಂಗಾಲದ ಅತಿ ಸೂಕ್ಷ್ಮ ಕಣಗಳು ಬೆರೆತಿರುತ್ತವೆ. ಅವುಗಳ ಒಟ್ಟು ದ್ರವ್ಯರಾಶಿ ಅನಿಲದ ನೂರರಲ್ಲೊಂದು ಪಾಲಿನಷ್ಟು ಮಾತ್ರ. ನಕ್ಷತ್ರಗಳ ನೇರಳಾತೀತ ಮತ್ತು ಗೋಚರ ಬೆಳಕನ್ನು ಹೀರಿಕೊಂಡು ಈ ಕಣಗಳು ತುಸು ಬಿಸಿಯಾಗುತ್ತವೆ. ಬಿಸಿ ಎಂದರೂ ಸುಮಾರು 20 ಕೆಲ್ವಿನ್, ಅಂದರೆ ಮೈನಸ್ 253 ಡಿಗ್ರಿ ಸೆಲ್ಸಿಯಸ್. ಆದರೆ ಪರಮ ಶೂನ್ಯಕ್ಕಿಂತ (ಸಾಧ್ಯವಿರುವ ಅತಿ ಕಡಿಮೆ ಉಷ್ಣತೆ, ಅಂದರೆ 0 ಕೆಲ್ವಿನ್) ಮೇಲಿನ ಉಷ್ಣತೆಯಲ್ಲಿರುವ ವಸ್ತು ವಿಕಿರಣವನ್ನು ಸೂಸಲೇಬೇಕು. ವಸ್ತು ತಣ್ಣಗಿದ್ದಷ್ಟೂ ಆ ವಿಕಿರಣದ ತರಂಗದೂರ ಹೆಚ್ಚು. ಸುಮಾರು 5,800 ಕೆಲ್ವಿನ್ ಉಷ್ಣತೆಯ ಸೂರ್ಯ ಅರ್ಧ ಮೈಕ್ರೊಮೀಟರ್ ಆಸುಪಾಸಿನಲ್ಲಿ ಅತಿ ಪ್ರಖರವಾಗಿದ್ದರೆ, ಈ ದೂಳು ಬೆಳಗುವುದು ನೂರು ಮೈಕ್ರೊಮೀಟರ್‌ಗೂ ಆಚೆ, ದೂರದ ಅವಕೆಂಪಿನಲ್ಲಿ.

ಭೂಮಿಯ ವಾತಾವರಣದ ನೀರಾವಿ ಈ ಕಿರಣಗಳನ್ನು ತಡೆಯುವುದರಿಂದ 1983ರಲ್ಲಿ ಹಾರಿದ ಐರಾಸ್ ಉಪಗ್ರಹ ಬಹುತೇಕ ಇಡೀ ಆಕಾಶವನ್ನೇ ಅವಕೆಂಪಿನಲ್ಲಿ ಜಾಲಾಡಿದ ಮೇಲಷ್ಟೇ ಗೆಲಾಕ್ಸಿಗಳ ಈ ಮುಖ ವಿಸ್ತಾರವಾಗಿ ತಿಳಿಯಿತು.

ನಿಜವಾಗಿ ಕುತೂಹಲಕರವಾದದ್ದು, ದೂಳನ್ನು ಕಾಯಿಸುವುದು ಯಾವ ನಕ್ಷತ್ರಗಳು ಎಂಬ ಪ್ರಶ್ನೆ. ಆಗತಾನೇ ಹುಟ್ಟಿದ ಬೃಹತ್ ನಕ್ಷತ್ರಗಳು ನೇರಳಾತೀತ ಕಿರಣಗಳನ್ನು ಧಾರಾಳವಾಗಿ ಚೆಲ್ಲುವುದರಿಂದ, ಅವಕೆಂಪು ಪ್ರಕಾಶವನ್ನು ಅಳೆದು ನಕ್ಷತ್ರಗಳು ಹುಟ್ಟುವ ದರವನ್ನು ಲೆಕ್ಕಹಾಕುವ ಪದ್ಧತಿ ಬೆಳೆದುಬಂದಿದೆ. ಈ ಪದ್ಧತಿಯನ್ನು ಕಣ್ಣುಮುಚ್ಚಿ ಒಪ್ಪಲಾಗದೆಂಬುದಕ್ಕೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾವೇ ಸಾಕ್ಷಿ. ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಅಳತೆಗಳ ಪ್ರಕಾರ, ಕೇಂದ್ರದಲ್ಲಿ 35 ಕೆಲ್ವಿನ್‌ನಷ್ಟಿರುವ ದೂಳಿನ ಉಷ್ಣತೆ ಹೊರವಲಯದಲ್ಲಿ 17ರ ಆಸುಪಾಸಿಗೆ ಇಳಿಯುತ್ತದೆ. ಕೇಂದ್ರದಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದು ತೀರ ವಿರಳ. ಅಲ್ಲಿ ದಟ್ಟವಾಗಿ ನೆರೆದಿರುವ ಮುದಿ ನಕ್ಷತ್ರಗಳ ಬೆಳಕೇ ದೂಳನ್ನು ಕಾಯಿಸುತ್ತಿದೆ. ನೀವು ಚಿತ್ರದಲ್ಲಿ ಕಂಡ, ಕೇಂದ್ರದಿಂದ ಸುಮಾರು 33,000 ಜ್ಯೋತಿರ್ವರ್ಷ ದೂರದ ಉಂಗುರದ ಸ್ಥಿತಿ ಬೇರೆ: ಅಲ್ಲಿ ದೂಳು ಹೇರಳವಾಗಿದೆ, ಎಳೆಯ ನಕ್ಷತ್ರಗಳೂ ಇವೆ. ಆದ್ದರಿಂದ ಕೇಂದ್ರಕ್ಕಿಂತ ತಣ್ಣಗಿದ್ದರೂ ಉಂಗುರ ಅಷ್ಟು ಪ್ರಖರವಾಗಿ ಕಾಣುತ್ತದೆ.