ಅಂಬಾಸಿಡರ್ ಎಂಜಿನ್ ಎತ್ತಲು ಹಗ್ಗವೋ ಚೈನೋ? ಮೊದಲು ಬೋಲ್ಟು ನೋಡಿ

ಹಂಚಿನ ಶೆಡ್ಡಿನ ಪಕ್ಕಾಸಿಗೆ (ಹಂಚು ಹೊರುವ ಮಾಡಿನ ಮರಕ್ಕೆ) ಭಾರ ಎತ್ತುವ ಚೈನ್ ಬ್ಲಾಕ್ ನೇತುಹಾಕಿ ಡೀಸೆಲ್ ಅಂಬಾಸಿಡರಿನ ಎಂಜಿನ್ ತೆಗೆಯಬೇಕು, ಕಟ್ಟಲು ನೈಲಾನ್ ಹಗ್ಗ ಒಳ್ಳೆಯದೋ ಚೈನ್ ಒಳ್ಳೆಯದೋ ಅಂತ ಕೇಳಿದ್ದೀರಿ. ಪೆರ್ಲದ ನಮ್ಮ ಶೆಡ್ಡಿನಲ್ಲಿ ನನಗೂ ಇದೇ ಯೋಚನೆ ಇತ್ತು. ಚೈನೇ ಹಾಕಿದೆ. ಚೈನ್ ತುಂಡಾಗಲಿಲ್ಲ, ಆದರೂ ಎಂಜಿನ್ ಬಿತ್ತು.

ಚೈನ್ ಕಟ್ಟಿದ್ದು ಹೆಡ್ಡಿಗೆ, ಅಂದರೆ ಎಂಜಿನ್ನಿನ ಮೇಲ್ಭಾಗಕ್ಕೆ. ಅದರ ಮುಂದೊಂದು, ಹಿಂದೊಂದು ಬೋಲ್ಟು, ನಡುವೆ 18 ಇಂಚು. ಮೇಲೆ ಜಾಗ ಸಾಲದು ಅಂತ ಚೈನನ್ನು ಗಿಡ್ಡ ಮಾಡಿದೆ, ಹುಕ್ಕಿನಿಂದ ಒಂದೊಂದು ಬದಿಗೆ ಹತ್ತಿಂಚು ಚಿಲ್ಲರೆ ಮಾತ್ರ. ತಪ್ಪು ಆದದ್ದು ಅಲ್ಲಿ. ಎರಡು ಬದಿಗೆ ಅರ್ಧರ್ಧ ಭಾರ ಅಂತ ನನ್ನ ಲೆಕ್ಕ. ಚೈನ್ ನೆಟ್ಟಗೆ ನಿಂತರೆ ಮಾತ್ರ ಆ ಲೆಕ್ಕ ಸರಿ. ಎಂಜಿನ್ 250 ಕಿಲೋ ಅಂತ ಇಟ್ಟುಕೊಳ್ಳಿ. ಚೈನ್ ಅಡ್ಡಗೆರೆಯಿಂದ 60 ಡಿಗ್ರಿ ಏರಿದ್ದರೆ ಒಂದೊಂದು ಬದಿಗೆ 144 ಕಿಲೋ ಎಳೆತ, 45 ಡಿಗ್ರಿಯಾದರೆ 177, ನನ್ನ ಹಾಗೆ 30 ಡಿಗ್ರಿಗೆ ಮಲಗಿದರೆ ಪೂರಾ 250. ಅದರಲ್ಲಿ ಮೇಲಕ್ಕೆ ಎತ್ತುವುದು 125 ಮಾತ್ರ. ಬೋಲ್ಟನ್ನು ಒಳಬದಿಗೆ ಅಡ್ಡಕ್ಕೆ ಎಳೆಯುವುದು 217 ಕಿಲೋ. ಬೋಲ್ಟು ಉದ್ದಕ್ಕೆ ಎಳೆದರೆ ತಾಳುತ್ತದೆ, ಅಡ್ಡಕ್ಕೆ ಬಗ್ಗಿಸಿದರೆ ತಾಳುವುದಿಲ್ಲ. ಸಾಲದ್ದಕ್ಕೆ ಚೈನಿನ ಕೊಂಡಿಯ ಕೆಳಗೆ ನಾಲ್ಕು ವಾಶರ್ ಪೇರಿಸಿದ್ದೆ. ಅದರಿಂದ ಬೋಲ್ಟಿನ ತಲೆ ಹೆಡ್ಡಿನಿಂದ ಅರ್ಧ ಇಂಚು ಎದ್ದು ನಿಂತಿತು, ಬಗ್ಗಿಸುವ ಬಲಕ್ಕೆ ಒಂದು ಸನ್ನೆಗೋಲೇ ಸಿಕ್ಕಿತು. ತೂತಿನೊಳಗೆ ಹಿಡಿದದ್ದು ನಾಲ್ಕೇ ಸುತ್ತು ಥ್ರೆಡ್.

ಹಿಂದಿನ ಬೋಲ್ಟು ಮೊದಲು ಬಗ್ಗಿತು, ಆಮೇಲೆ ಥ್ರೆಡ್ ಸಮೇತ ಕಿತ್ತು ಬಂತು. ಎಂಜಿನ್ನಿನ ಹಿಂಭಾಗ ಕಾರಿನ ಅಡ್ಡ ತೊಲೆಗೆ (ಕ್ರಾಸ್ ಮೆಂಬರ್) ಬಡಿದು ಸಂಪ್, ಅಂದರೆ ಅಡಿಯ ಆಯಿಲ್ ತೊಟ್ಟಿ, ನೆಗ್ಗಿ ಹೋಯಿತು, ಹೆಡ್ಡಿನ ತೂತು ಹಾಳಾಯಿತು. ಯಾರ ಕೈಯೂ ಅಡಿಯಲ್ಲಿ ಇರಲಿಲ್ಲ, ದೇವರು ದೊಡ್ಡವನು.

ಹಾಗಾಗಿ ಅಳತೆ ಇದು: ಎರಡು ಬೋಲ್ಟಿನ ನಡುವೆ ಎಷ್ಟು ದೂರವೋ, ಹುಕ್ಕಿನಿಂದ ಒಂದೊಂದು ಬದಿಯ ಚೈನೂ ಕಡಿಮೆಯೆಂದರೆ ಅಷ್ಟು ಉದ್ದ ಇರಬೇಕು. 18 ಇಂಚಿಗೆ 18 ಇಂಚು. ಆಗ 60 ಡಿಗ್ರಿ ತಾನಾಗಿ ಸಿಗುತ್ತದೆ. ಮೇಲೆ ಜಾಗ ಇಲ್ಲವಾದರೆ ಚೈನ್ ಗಿಡ್ಡ ಮಾಡಬೇಡಿ, ಲೆವೆಲರ್ ಬಾರ್ ಹಾಕಿ, ಅಂದರೆ ಹುಕ್ಕಿಗೆ ಅಡ್ಡಲಾಗಿ ನೇತುಹಾಕುವ ಕಬ್ಬಿಣದ ಸರಳು. ಅದರಲ್ಲಿ ಎರಡೂ ಚೈನ್ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುತ್ತವೆ. ಒಂದೇ ಚೈನನ್ನು ಹುಕ್ಕಿನ ಮೇಲೆ ಸುಮ್ಮನೆ ಹಾಯಿಸಲೂ ಬಾರದು, ಭಾರ ಒಂದು ಕಡೆ ವಾಲಿದ ಕೂಡಲೇ ಜಾರುತ್ತದೆ. ನಡುವಿನ ಕೊಂಡಿಯನ್ನು ಡಿ ಶ್ಯಾಕಲ್‌ನಿಂದ (ಅಡ್ಡ ಪಿನ್ನಿರುವ ಡಿ ಆಕಾರದ ಕೊಂಡಿ) ಹುಕ್ಕಿಗೆ ಹಿಡಿಸಿ.

ಬೋಲ್ಟಿನ ತಲೆಯಲ್ಲಿ 8.8 ಅಂತ ಗಟ್ಟಿ ಉಕ್ಕಿನ ಗುರುತು ಇರಲಿ, ಅಥವಾ ಅದಕ್ಕೆ ಸಮನಾದ ಇಂಚಿನ ಬೋಲ್ಟು. ಹಳೆಯ 1489 ಸಿಸಿ ಎಂಜಿನ್ನಿನದು ಇಂಚಿನ ಥ್ರೆಡ್, ಮಿಲಿಮೀಟರ್ ಬೋಲ್ಟನ್ನು ಸ್ಪ್ಯಾನರಿನ ಬಲದಲ್ಲಿ ತುರುಕಬೇಡಿ. ಬೀಡು ಕಬ್ಬಿಣದಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಾಲು ಥ್ರೆಡ್ ಹಿಡಿಯಬೇಕು, ಅಂದರೆ ಮೂರೆಂಟಾಂಶ ಇಂಚಿನದಕ್ಕೆ ಸುಮಾರು 14 ಎಂಎಂ. ಅಲ್ಯುಮಿನಿಯಂ ಹೆಡ್ ಇರುವ ಕಾರಾದರೆ ಎರಡು ಪಾಲು. ಎತ್ತಲೆಂದೇ ಕೊಟ್ಟ ಕಿವಿ ಇದ್ದರೆ ಅದೇ ಉತ್ತಮ. ಮ್ಯಾನಿಫೋಲ್ಡು, ಥರ್ಮೋಸ್ಟಾಟ್ ಹೌಸಿಂಗು, ರಾಕರ್ ಕವರಿನ ಸ್ಟಡ್ಡು, ಡೈನಮೋ ಬ್ರಾಕೆಟ್ ಇವು ಯಾವುದಕ್ಕೂ ಕಟ್ಟಬೇಡಿ. ಹೆಡ್ ನಟ್ಟಿನ ಅಡಿಗೆ ದಪ್ಪ ಕಬ್ಬಿಣದ ಪಟ್ಟಿ ಕೂರಿಸಬಹುದು, ಆದರೆ ಗ್ಯಾಸ್ಕೆಟ್ ಬದಲಿಸುವ ಕೆಲಸ ಹೇಗೂ ಇದ್ದರೆ ಮಾತ್ರ.

ಇನ್ನು ಹಗ್ಗ. ನೈಲಾನ್ ಎಳೆದರೆ ಹಿಗ್ಗುತ್ತದೆ, ಗಂಟು ಹಾಕಿದಲ್ಲಿ ಬಲ ಅರ್ಧಕ್ಕೆ ಇಳಿಯುತ್ತದೆ, ಬ್ಲಾಕಿನ ಚೂಪು ಅಂಚಿಗೆ ತಾಗಿದರೆ ಕತ್ತರಿಸುತ್ತದೆ. ಬೇಡ. ಪಕ್ಕಾಸು ಅಂತೂ ಬೇಡವೇ ಬೇಡ. ಅದು ಹಂಚು ಹೊರುವುದಕ್ಕೆ ಇದ್ದದ್ದು. ಒಳಗೆ ಗೆದ್ದಲು ಟೊಳ್ಳು ಮಾಡಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕಾಸರಗೋಡಿನಿಂದಲೋ ಕುಂಬಳೆಯಿಂದಲೋ ಗ್ಯಾರೇಜಿನವರ ಹತ್ತಿರ ಎಂಜಿನ್ ಕ್ರೇನ್ ಒಂದು ದಿನಕ್ಕೆ ಬಾಡಿಗೆಗೆ ಕೇಳಿ. ಅದರಲ್ಲೂ ಒಂದು ಎಚ್ಚರ: 2 ಟನ್ ಅಂತ ಬರೆದದ್ದು ತೋಳು ಒಳಗೆ ಇದ್ದಾಗಿನ ಲೆಕ್ಕ, ಕೊನೆಯ ತೂತಿಗೆ ಎಳೆದರೆ ಸಾಮಾನ್ಯವಾಗಿ ಅರ್ಧ ಟನ್ನಿಗೆ ಇಳಿದಿರುತ್ತದೆ. ಮುರಕಲ್ಲಿನ ಅಂಗಳದಲ್ಲಿ ಅದರ ಸಣ್ಣ ಚಕ್ರ ಉರುಳುವುದಿಲ್ಲ, ಎರಡು ದಪ್ಪ ಪ್ಲೈವುಡ್ ಹಾಸಿ. ಎಂಜಿನ್ ಹೊರಬಂದ ಮೇಲೆ ಕ್ರೇನನ್ನು ಎಳೆಯುವುದಕ್ಕಿಂತ ಕಾರನ್ನೇ ಹಿಂದಕ್ಕೆ ದೂಡುವುದು ಸುಲಭ.

ಬ್ಯಾಟರಿ, ಬಾನೆಟ್, ರೇಡಿಯೇಟರ್, ಸೈಲೆನ್ಸರ್ ಪೈಪು, ಡೀಸೆಲ್ ಪೈಪು ಬಿಚ್ಚುವುದು ನಿಮಗೆ ಗೊತ್ತೇ ಇರುತ್ತದೆ. ಹೆಚ್ಚಾಗಿ ಮರೆತುಹೋಗುವುದು ಅರ್ತ್ ಪಟ್ಟಿ, ಅಂದರೆ ಎಂಜಿನ್ನಿಗೂ ಕಾರಿನ ಬಾಡಿಗೂ ನಡುವಿನ ವಯರಿನ ಪಟ್ಟಿ. ಗೇರ್ ಬಾಕ್ಸನ್ನು ಕಾರಿನಲ್ಲೇ ಬಿಡುವುದಾದರೆ ಅದರ ಅಡಿಗೆ ಮರದ ತುಂಡು ಇಟ್ಟು ಜ್ಯಾಕ್ ಕೊಡಿ. ಮೊದಲು ಚೈನ್ ಬಿಗಿಯಾಗುವಷ್ಟು ಎತ್ತಿ, ಆಮೇಲೆ ಎಂಜಿನನ್ನು ಕಾರಿಗೆ ಹಿಡಿದಿರುವ ಮೌಂಟಿಂಗ್ ಬೋಲ್ಟು ತೆಗೆಯಿರಿ. ಎಂಜಿನನ್ನು ನೇರ ಮುಂದಕ್ಕೆ ತರಬೇಕು. ಗೇರ್ ಬಾಕ್ಸಿನ ಶಾಫ್ಟಿನ ಮೇಲೆ ಭಾರ ಬಿಟ್ಟರೆ ಕ್ಲಚ್ ಪ್ಲೇಟು ಸೊಟ್ಟಗಾಗುತ್ತದೆ. ಒಂದಿಂಚು ಎತ್ತಿ ನಿಲ್ಲಿಸಿ, ಚೈನ್ ಹಿಡಿದ ಎರಡೂ ಬೋಲ್ಟನ್ನು ಟಾರ್ಚ್ ಹಾಕಿ ನೋಡಿ. ಎಂಜಿನ್ ಜೊತೆ ಕಾರಿನ ಮೂತಿಯೂ ಏಳುತ್ತಿದ್ದರೆ ಎಲ್ಲೋ ಏನೋ ಬಿಚ್ಚದೆ ಉಳಿದಿದೆ ಅಂತ ಅರ್ಥ, ಕೂಡಲೇ ಇಳಿಸಿ ಹುಡುಕಿ. ಹೊರಬಂದ ಎಂಜಿನನ್ನು ಹಳೆಯ ಲಾರಿ ಟಯರಿನ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ, ನಂತರವೇ ಚೈನ್ ಸಡಿಲ ಮಾಡಿ.